ಗೀರಿದ ಕಡ್ಡಿಯ ವಾಸನೆ

ಅಕ್ಟೋಬರ್ ೪

ಅಕ್ಕ,

ಇದರ ಜೊತೆಗಿರುವ ಸಣ್ಣ ಬಾಟಲಿಯನ್ನು ಕೆಮ್ಮಿನ ಔಷಧಿ ಎಂದುಕೊಂಡು ಅಪ್ಪ ಗುಟುಕರಿಸುವ ಮೊದಲು ಎತ್ತಿಡು.

ಕೊನೆಗೂ ಒಂದು ಒಳ್ಳೆಯ ಶೆರಿ ಪೀಪಾಯಿ ಕೈಗೆ ಸಿಕ್ಕಿದೆ. ಅಪ್ಪನನ್ನು ನೋಡಿಕೊಳ್ಳಲು ನೀನು ಹೋದ ಮೇಲೆ ನಾನೊಬ್ಬನೇ ಧೈರ್ಯ ಮಾಡಿ ಕೊಂಡ ಮೊದಲನೆಯದು. ಸ್ಕಾಚ್ ಸಿಂಗಲ್ ಮಾಲ್ಟ್ ವಿಸ್ಕಿ, ಹಿಂದೆ ಶೆರಿ ವೈನ್ ತುಂಬಿದ್ದ ಮರದಲ್ಲಿ ಮಾಗಿದ್ದು. ಹುಟ್ಟಿದಾಗಿನಿಂದ ಒಂದೇ ಪೀಪಾಯಿಯಲ್ಲಿ, ಅಲುಗಾಡದೆ ಕೂತಿದ್ದು. ಬಣ್ಣ ಹಾಕಿಲ್ಲ, ನೀರು ಬೆರೆಸಿಲ್ಲ. ಡಿಸ್ಟಿಲರಿಯ ಹೆಸರನ್ನು ಲೇಬಲ್ ಮೇಲೆ ಹಾಕಕೂಡದು ಎಂದು ಷರತ್ತು. ಹಾಕದಿದ್ದರೆ ಹೋಯಿತು. ಬೇರೆಯವರು ಹೆತ್ತ ಮಗುವಿಗೆ ಅಂಗಿ ತೊಡಿಸಿ, ಹೆಸರಿಟ್ಟು, ಬೀದಿಗೆ ಕರೆದೊಯ್ದು ಮೆರೆಸುವುದೇ ತಾನೇ ನಮ್ಮ ಕಸುಬು.

ಬೆಳಕಿಗೆ ಹಿಡಿದು ನೋಡು. ಅಪ್ಪನ ಬೀಗದ ಅಂಗಡಿಯ ಮೇಜಿಗೆ ಇಂಥದೇ ಬಣ್ಣ ಇರಲಿಲ್ಲವೇ? ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ನಮ್ಮ ಹಳೆಯ ನಿಯಮ ನಿಯಮವೇ: ಮೂಗಿನ ಮಾತು ಕಾಗದದಲ್ಲಿ ಮಾತ್ರ. ಫೋನಿನಲ್ಲಾದರೆ ನನ್ನ ದನಿಯಲ್ಲಿರುವ ಆಸೆ ಕೇಳಿಸಿಕೊಂಡು ನೀನು ಕರಗಿಹೋಗುತ್ತೀಯ. ಅಪ್ಪ ಫೋನನ್ನು ಬಿಚ್ಚಿ ಚೂರುಚೂರು ಮಾಡಿಟ್ಟಿರುವುದರಿಂದ ನಿಯಮ ಪಾಲಿಸುವುದು ಇನ್ನೂ ಸುಲಭ.

ಲೇಬಲ್ ಅಚ್ಚಿಗೆ ಹೋಗಬೇಕು. ಮೂಸಿ, ರುಚಿ ನೋಡಿ ನೀನು ಬರೆಯುವ ನಾಲ್ಕು ಸಾಲು ಬಂದರೆ ಅದರ ಮೇಲೆ ಹಾಕಿಸಿಬಿಡುತ್ತೇನೆ. ಕೊಳ್ಳುವವರು ಈಗಲೂ ಕೇಳುತ್ತಾರೆ, “ನಿಮ್ಮಕ್ಕ ಏನಂದ್ರು?” ಎಂದು. ನಾನು ಏನಂದೆ ಎಂದು ಒಬ್ಬರೂ ಕೇಳಿದ್ದಿಲ್ಲ.

ಅಪ್ಪನಿಗೆ ನಮಸ್ಕಾರ. ನಾನು ಯಾರೆಂದು ಕೇಳಿದರೆ ನಿನಗೆ ತೋಚಿದ್ದು ಹೇಳು.

ಪುಟ್ಟ

*

ಅಕ್ಟೋಬರ್ ೧೩

ಪುಟ್ಟ,

ಬಾಟಲಿ ಬಂತು. ಅದನ್ನು ಅಕ್ಕಿಡಬ್ಬದೊಳಗೆ ಹೂತಿಟ್ಟು, ಅಪ್ಪ ಮಲಗುವುದನ್ನೇ ಕಾದು ತೆಗೆದೆ. ಕಳ್ಳಬಟ್ಟಿ ಮಾರುವವಳ ಹಾಗಾಗಿದೆ ನನ್ನ ಪಾಡು.

ಅಪ್ಪ ಹೇಗಿದ್ದಾರೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಅಂಗಿಯ ಗುಂಡಿ ಯಾವ ತೂತಿಗೆ ಹೋಗಬೇಕೆಂದು ಅವರಿಗೆ ಮರೆತುಹೋಗಿದೆ. ಬೀಗ ಮಾತ್ರ ಮರೆತಿಲ್ಲ. ಪೇಟೆಯವರೆಲ್ಲ ಬೀಗ ಕೆಟ್ಟರೆ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರಲ್ಲ, ಅದರ ಫಲವನ್ನು ಈಗ ನಾನು ಉಣ್ಣುತ್ತಿದ್ದೇನೆ. ಮುಂಬಾಗಿಲಿಗೆ ಎಂಥ ಬೀಗ ಹಾಕಿದರೂ ನನ್ನ ತಲೆಪಿನ್ನು ಕದ್ದು, ಕಿವಿ ಹಚ್ಚಿ ಕೇಳಿ, ತೆಗೆದು ಹೊರಟುಬಿಡುತ್ತಾರೆ. ಹೋದ ತಿಂಗಳು ಕಿಟಕಿಯಿಂದ ಇಳಿಯಲು ಹೋದರು. ಅಂದಿನಿಂದ ಕಿಟಕಿಗಳಿಗೆಲ್ಲ ಮೊಳೆ ಹೊಡೆಸಿದ್ದೇನೆ, ಬಾಗಿಲಿಗೆ ಗಂಟೆ ಕಟ್ಟಿದ್ದೇನೆ. ಗಂಟೆ ಅಲ್ಲಾಡಿದರೆ ಸ್ನಾನ ಮಾಡುತ್ತಿದ್ದರೂ ಓಡಬೇಕು. ಮನೆ ಮುಚ್ಚಿದ ಟ್ರಂಕಿನ ಹಾಗಾಗಿದೆ. ಇವತ್ತು ಬೆಳಿಗ್ಗೆ ನನ್ನನ್ನೇ ಕೇಳಿದರು, “ಯಾರಮ್ಮ ನೀನು? ಎಷ್ಟೊತ್ತಿಂದ ಕಾಯ್ತಿದ್ದೀಯಾ?”

“ತುಂಬ ಹೊತ್ತಾಯ್ತು” ಅಂದೆ.

“ಬೀಗ ಬಿಟ್ಟು ಹೋಗು, ನಾಳೆ ಬಾ” ಅಂದರು.

ಇರಲಿ. ಅಡುಗೆಮನೆಯ ಪಕ್ಕ, ಊಟದ ಮೇಜಿನ ಮುಂದೆ ಕೂತು ಗ್ಲಾಸಿಗೆ ಸುರಿದೆ. ಬಹಳ ದಿನಗಳ ಮೇಲೆ ನಾನು ನಾನಾಗಿದ್ದೆ. ಮೊದಲು ಒಣದ್ರಾಕ್ಷಿ, ಕಪ್ಪಗಿನದು, ಬೆಲ್ಲದ ಹಾಗೆ ಬೆರಳಿಗೆ ಅಂಟುವಂಥದು. ಆಮೇಲೆ ಕಿತ್ತಳೆ ಸಿಪ್ಪೆ. ಆಮೇಲೆ ಅಕ್ರೋಟು, ಮತ್ತು ಚಪ್ಪಲಿ ಅಂಗಡಿಯ ಹೊಸ ಚರ್ಮ. ಬಾಯಿಗೆ ಹಾಕಿದರೆ ದಾಲ್ಚಿನ್ನಿಯ ಖಾರ, ನಿಧಾನವಾಗಿ ಗಂಟಲಿನವರೆಗೆ ಹಬ್ಬಿ ಅಲ್ಲೇ ಕೂರುತ್ತದೆ. ಎಂದಿನಂತೆ ಉಗಿದೆ. ಉಗಿಯುವಾಗ ಹೊಟ್ಟೆ ಉರಿಯಿತು.

ಅಷ್ಟಾದ ಮೇಲೆ ಕೊನೆಯಲ್ಲಿ, ಗೀರಿದ ಬೆಂಕಿಕಡ್ಡಿ. ಅದರ ಹಿಂದೆಯೇ ಬೇಯಿಸಿಟ್ಟ ಎಲೆಕೋಸು. ಗಂಧಕ, ಪುಟ್ಟ. ಖಾಲಿ ಪೀಪಾಯಿ ಹುಳಿಯದಿರಲಿ ಎಂದು ಶೆರಿಯವರು ಒಳಗೆ ಗಂಧಕ ಸುಡುತ್ತಾರಲ್ಲ, ಅದು ಮರಕ್ಕೆ ಹತ್ತಿಕೊಂಡಿದೆ. ಶೆರಿ ಪೀಪಾಯಿಗೆ ಅಂಟಿದ ಹಳೇ ಜಾಡ್ಯ. ಬಾಟಲಿಗೆ ಹಾಕಬೇಡ. ನನಗೂ ಸಂಕಟವೇ.

ತಲೆ ನೋಯುತ್ತಿದೆ. ಇಲ್ಲಿಗೆ ಮುಗಿಸುತ್ತೇನೆ.

ಅಕ್ಕ

*

ಅಕ್ಟೋಬರ್ ೨೨

ಅಕ್ಕ,

ಗಂಧಕವೂ ಇಲ್ಲ, ಗಂಜಿಯೂ ಇಲ್ಲ. ನಾನು ಮೂಸಿದೆ. ಶೆಡ್ಡಿನಲ್ಲಿ ಪೀಪಾಯಿ ರಿಪೇರಿ ಮಾಡುವ ಅಜ್ಜ ಮೂಸಿದ. ಗಂಧಕ ಎಂದರೆ ಮೂರು ಬೀದಿ ಆಚೆಯಿಂದಲೇ ಮೂಗು ಮುಚ್ಚಿಕೊಳ್ಳುವ ಔಷಧಿ ಅಂಗಡಿಯ ಗೆಳೆಯನನ್ನೂ ಕರೆಸಿ ಮೂಸಿಸಿದೆ. ಒಬ್ಬರಿಗೂ ಸಿಕ್ಕಲಿಲ್ಲ. ಅಜ್ಜ ನಿನ್ನ ಪತ್ರ ಕೇಳಿ, “ಅವರು ಹೇಳಿದ ಮೇಲೆ ಇರ್ಲೇಬೇಕು” ಎಂದು ಮತ್ತೆ ಮೂಗು ತೂರಿಸಿದ. ಆಗಲೂ ಇಲ್ಲ.

ನಿನಗೆ ನೆಗಡಿಯೇ? ಅಥವಾ ಗ್ಲಾಸನ್ನು ಪಾತ್ರೆ ತಿಕ್ಕುವ ಪುಡಿಯಿಂದ ತೊಳೆದೆಯಾ? ಕೋಪಿಸಿಕೊಳ್ಳಬೇಡ. ನಿನ್ನ ಸಹಿ ಇಲ್ಲದೆ ಈ ಪೀಪಾಯಿ ಹೊರಗೆ ಹೋಗುವುದಿಲ್ಲ, ಹೊರಗೆ ಹೋಗದಿದ್ದರೆ ಈ ಚಳಿಗಾಲ ಶೆಡ್ಡಿನ ಬಾಗಿಲು ಮುಚ್ಚಬೇಕಾಗುತ್ತದೆ. ಅದಕ್ಕೇ ಇನ್ನೊಂದು ಬಾಟಲಿ ಕಳಿಸುತ್ತಿದ್ದೇನೆ, ಪೀಪಾಯಿಯ ಅಡಿಯಿಂದ ತೆಗೆದದ್ದು. ಸಮಾಧಾನವಾಗಿ ಕೂತು ನೋಡು.

ಕೆಲಸ ಮುಗಿದ ಮೇಲೆ ಬಂದು ಅಪ್ಪನನ್ನು ನೋಡಿಕೊಂಡು ಹೋಗುತ್ತೇನೆ. ಖಂಡಿತ. ನೀನು ಇರುವುದರಿಂದ ನಾನು ಇಲ್ಲಿ ನಿಶ್ಚಿಂತೆಯಾಗಿದ್ದೇನೆ.

ಪುಟ್ಟ

*

ನವೆಂಬರ್ ೩

ಪುಟ್ಟ,

ಎರಡನೆಯದರಲ್ಲಿ ಇನ್ನೂ ಹೆಚ್ಚು. ಗ್ಲಾಸನ್ನು ಮೂಗಿನ ಹತ್ತಿರ ತರುವ ಮೊದಲೇ ಇದೆ.

ನೀನು ಸಮಾಧಾನವಾಗಿ ಕೂತು ನೋಡು ಅಂದೆ. ಕೂತೆ. ಮಧ್ಯಾಹ್ನ ಅಪ್ಪ ಕಾಫಿ ಮಾಡುತ್ತೇನೆಂದು ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಎಂಬುದೇ ಮರೆತು, ಹಿಂದಿರುಗಿ ಬಂದು ಕುರ್ಚಿಯಲ್ಲೇ ನಿದ್ದೆಹೋದರು. ಈಚೆಗೆ ಅವರಿಗೆ ಹಗಲೆಲ್ಲ ಜೊಂಪು. ಗಂಟೆ ಅಲ್ಲಾಡಲಿಲ್ಲ. ಯಾರೂ ಕರೆಯಲಿಲ್ಲ. ಸಮಾಧಾನಕ್ಕೆ ಏನೂ ಕೊರತೆ ಇರಲಿಲ್ಲ.

ನನ್ನ ಟಿಪ್ಪಣಿ ಇಷ್ಟೇ: ಗಂಧಕ. ಪೀಪಾಯಿ ಕೆಟ್ಟಿದೆ. ನಿನ್ನ ಔಷಧಿ ಅಂಗಡಿಯ ಗೆಳೆಯನ ಮೂಗು ನಿನಗೆ ಸಾಕಾಗುವುದಾದರೆ ಅವನ ಸಹಿ ಹಾಕಿಸಿಕೊ. ನೀನು ನಿಶ್ಚಿಂತೆಯಾಗಿರುವುದು ತಿಳಿದು ಸಂತೋಷವಾಯಿತು.

ಅಕ್ಕ

ಮರೆತಿದ್ದೆ. ಬೆಳಿಗ್ಗೆ ಲಕೋಟೆ ಅಂಟಿಸುವ ಮುಂಚೆ, ಬಾಟಲಿಯಲ್ಲಿ ಉಳಿದದ್ದನ್ನು ಮಹಡಿಯ ಮನೆಯ ನರ್ಸಮ್ಮನ ಹತ್ತಿರ ತೆಗೆದುಕೊಂಡು ಹೋಗಿದ್ದೆ. ಅವರ ವರಾಂಡದಲ್ಲಿ ಮೂಸಿದರೆ ಒಣದ್ರಾಕ್ಷಿ, ಕಿತ್ತಳೆ, ಚರ್ಮ. ಗಂಧಕ ಇರಲಿಲ್ಲ.

*

ನವೆಂಬರ್ ೨೪

ಅಕ್ಕ,

ನಿಮ್ಮಲ್ಲಿಂದ ತಿರುಗಿ ಬಂದು ಶೆಡ್ಡು ಸೇರಿದೆ. ಹೊಸ ಒಲೆ ಸರಿಯಾಗಿ ಉರಿಯುತ್ತಿದೆಯೇ? ಗ್ಯಾಸ್ ಸೋರಿದರೆ ಕಿರುಚುವ ಆ ಡಬ್ಬಿಯ ಕೆಂಪು ದೀಪ ಯಾವಾಗಲೂ ಹೊತ್ತಿರಬೇಕು, ನೋಡುತ್ತಿರು. ಅಡುಗೆಮನೆಗೆ ಹಾಕಿಸಿದ ಹೊಸ ಬೀಗವನ್ನು ಅಪ್ಪ ಇನ್ನೂ ಗೆದ್ದಿಲ್ಲ ತಾನೇ?

ಸತ್ಯ ಹೇಳಿಬಿಡುತ್ತೇನೆ. ನಿನ್ನ ಆ ಪತ್ರ ಬಂದ ದಿನ “ಪೀಪಾಯಿ ಕೆಟ್ಟಿದೆ” ಎಂಬಲ್ಲಿಗೆ ಓದಿ, ಸಿಟ್ಟು ನೆತ್ತಿಗೇರಿ, ಅದನ್ನು ಮೇಜಿನ ಮೇಲೆ ಎಸೆದಿದ್ದೆ. ಸಹಿಯ ಕೆಳಗೆ ಇನ್ನೂ ಬರೆದಿದ್ದೀಯ ಎಂದು ಕಂಡದ್ದು ಎಷ್ಟೋ ದಿನಗಳ ನಂತರ, ಅದರ ಮೇಲೆ ಊಟದ ತಟ್ಟೆ ಇಡಲು ಹೋದಾಗ. ಮಹಡಿಯಲ್ಲಿ ಇಲ್ಲ, ಕೆಳಗೆ ಇದೆ. ಬಾಟಲಿ ಅದೇ. ವಾಸನೆ ಪೀಪಾಯಿಯದಲ್ಲ, ಮನೆಯದು. ಸೋರಿದ್ದು ಗೊತ್ತಾಗಲೆಂದು ಅಡುಗೆ ಗ್ಯಾಸಿಗೂ ಗಂಧಕದ ವಾಸನೆಯನ್ನೇ ಬೆರೆಸಿರುತ್ತಾರಲ್ಲ. ನರ್ಸಮ್ಮನಿಗೆ ಫೋನ್ ಮಾಡಿ, ಅವರು ಕೆಳಗೆ ಹೋಗಿ ನೋಡಿ ಬರುವವರೆಗೆ ಫೋನನ್ನು ಕಿವಿಗೇ ಹಿಡಿದು ನಿಂತಿದ್ದೆ. “ಗ್ಯಾಸ್ ಒಲೆಯ ನಾಬ್ ಅರ್ಧ ತಿರುಗಿತ್ತು ಕಣಪ್ಪ, ಒಲೆ ಹೊತ್ತಿರಲಿಲ್ಲ. ಇಬ್ಬರೂ ಚೆನ್ನಾಗಿದ್ದಾರೆ, ನೀನು ಹೊರಟು ಬಾ” ಅಂದರು. ರೈಲಿನಲ್ಲಿ ಇಡೀ ದಾರಿ ನಿಂತೇ ಬಂದೆ, ಸೀಟು ಖಾಲಿ ಇದ್ದರೂ.

ಪೀಪಾಯಿಯೊಳಗೆ ತಲೆ ಹಾಕಿಕೊಂಡು ಕೂತು ಎರಡೆರಡು ಬಾಟಲಿ ಕಳಿಸಿದೆನಲ್ಲ, ಒಂದೇ ಒಂದು ಸಲ “ಅಕ್ಕ, ಕಿಟಕಿ ತೆಗೆ” ಎಂದು ಬರೆಯಲು ಹೊಳೆಯಲಿಲ್ಲ.

ಆದರೆ ಸ್ಟೇಷನ್ನಿನಲ್ಲಿ ಕೇಳಿದ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. “ರೈಲು ಹೊರಡ್ತಿದೆ, ಹತ್ತು” ಅಂದೆ. ಅದಿನ್ನೂ ನಿಂತಿತ್ತು. ಮತ್ತೆ ಕೇಳುತ್ತೇನೆ. ಮುಚ್ಚಿದ ಗೋದಾಮಿನಲ್ಲಿ ಯಾವ ಪೀಪಾಯಿ ಸೋರುತ್ತಿದೆ ಎಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದವಳು ನೀನು. ಪೀಪಾಯಿಯ ಗಂಧಕ ನೀರಿನ ಹನಿ ಬಿದ್ದು ಸ್ವಲ್ಪ ಹೊತ್ತು ಕಳೆದರೆ ತಗ್ಗುತ್ತದೆ ಎಂದು ನನಗೆ ಕಲಿಸಿದವಳೂ ನೀನೇ. ಗ್ಯಾಸಿನ ವಾಸನೆ ನಿನಗೆ ಗೊತ್ತಾಗಲಿಲ್ಲವಾ?

ಪುಟ್ಟ

*

ಡಿಸೆಂಬರ್ ೧

ಪುಟ್ಟ,

ಗೊತ್ತಾಯಿತು.

ಮೊದಲ ಸಲ ಇಲ್ಲ, ನನ್ನಾಣೆ. ಮೊದಲ ಸಲ ನಿಜವಾಗಿ ಮೋಸಹೋದೆ. ಶೆರಿ ಪೀಪಾಯಿ ಎಂದ ಕೂಡಲೇ ಮೂಗು ಗಂಧಕವನ್ನು ಹುಡುಕುತ್ತದೆ. ಹುಡುಕುತ್ತಿದ್ದದ್ದು ಸಿಕ್ಕಿತು, ನಂಬಿದೆ. ಆಮೇಲೆ ಅಡುಗೆಗೆ ಹೋದಾಗ ನಾಬ್ ಒಂದಿಷ್ಟು ತಿರುಗಿದ್ದು ಕಂಡು ಮುಚ್ಚಿದೆ. ಅದಕ್ಕೂ ಇದಕ್ಕೂ ಗಂಟು ಹಾಕಲಿಲ್ಲ.

ಎರಡನೆಯ ಸಲ ಗ್ಲಾಸಿಗೆ ನೀರು ಹನಿಸಿ ಕಾದೆ. ವಾಸನೆ ತಗ್ಗಲಿಲ್ಲ, ಏರಿತು. ಗ್ಲಾಸನ್ನು ದೂರ ಸರಿಸಿದೆ. ಆಗಲೂ ಏರಿತು. ಅಡುಗೆಮನೆ ನನ್ನಿಂದ ನಾಲ್ಕು ಹೆಜ್ಜೆ ಕೂಡ ಇಲ್ಲ. ಎದ್ದು ಹೋಗಿ ನಾಬ್ ತಿರುಗಿಸಿದ್ದರೆ ಮುಗಿಯುತ್ತಿತ್ತು. ನಾನು ಪೆನ್ನು ತೆಗೆದುಕೊಂಡು “ಗಂಧಕ. ಪೀಪಾಯಿ ಕೆಟ್ಟಿದೆ” ಎಂದು ಬರೆದೆ.

ಸಾಯಬೇಕೆಂದುಕೊಂಡೆ ಎಂದು ತಿಳಿಯಬೇಡ. ಅಷ್ಟು ದೊಡ್ಡ ಯೋಚನೆ ಮಾಡುವಷ್ಟು ಕಸುವು ನನ್ನಲ್ಲಿ ಇರಲಿಲ್ಲ. ಏಳಬಾರದು ಎಂದಷ್ಟೇ ಅನ್ನಿಸಿತು. ಎದ್ದರೆ ನಾಬ್ ಮುಚ್ಚಬೇಕು. ನಾಬ್ ಮುಚ್ಚಿದ ಮೇಲೆ ಅಪ್ಪನ ಬಟ್ಟೆ ಬದಲಿಸಬೇಕು, ಊಟ ಮಾಡಿಸಬೇಕು, ಬೀಗ ನೋಡಬೇಕು, ಗಂಟೆ ನೋಡಬೇಕು, ನಾನು ಯಾರೆಂದು ಹೇಳಬೇಕು. ಅಪ್ಪನೂ ಅದೇ ಕೋಣೆಯಲ್ಲಿ ಕುರ್ಚಿಯ ಮೇಲೆ ಮಲಗಿದ್ದರು. ಅವರ ಕಡೆ ನೋಡಿದೆ, ಆದರೂ ಏಳಲಿಲ್ಲ. ಗ್ಲಾಸಿನಲ್ಲಿದ್ದದ್ದನ್ನು ಕುಡಿದೆ. ಉಗಿಯಲಿಲ್ಲ. ಇಷ್ಟು ವರ್ಷ ಮೂಸಿ, ಬಾಯಿ ಮುಕ್ಕಳಿಸಿ, ಉಗಿದವಳು ಅವತ್ತು ನುಂಗಿದೆ. ಎಂಥ ರುಚಿ ಪುಟ್ಟ! ನೀನು ಒಬ್ಬನೇ ಆರಿಸಿದ್ದು ಎಂದು ಹೆಮ್ಮೆಯಾಯಿತು, ಅದನ್ನು ನಿನಗೆ ಹೇಳುವುದಿಲ್ಲವಲ್ಲ ಎಂದು ಅಳು ಬಂತು. ಅಷ್ಟು ಹೊತ್ತಿಗೆ ವಾಸನೆ ಇಲ್ಲವೇ ಇಲ್ಲ ಅನ್ನಿಸತೊಡಗಿತ್ತು. ಹೋದದ್ದು ವಾಸನೆಯಲ್ಲ, ನನ್ನ ಮೂಗು ಸೋತಿತ್ತು. ಅದೂ ನನಗೆ ಗೊತ್ತಿತ್ತು.

ಆಗ ಗಂಟೆ ಅಲ್ಲಾಡಿತು.

ಅಪ್ಪ ಯಾವಾಗ ಎದ್ದರೋ ಕಾಣೆ. ಬಾಗಿಲಲ್ಲಿ ಮಂಡಿಯೂರಿ ಕೂತು, ಬೀಗಕ್ಕೆ ಕಿವಿಕೊಟ್ಟು, ನನ್ನ ತಲೆಪಿನ್ನು ಆಡಿಸುತ್ತಿದ್ದರು. ಬೀಗ ಬಿಟ್ಟುಕೊಂಡಿತು. ಬಾಗಿಲನ್ನು ಪೂರಾ ತೆರೆದರು. ಚಳಿಗಾಳಿ ನೇರ ಮುಖಕ್ಕೆ ಬಡಿಯಿತು. ಹೊರಟವರು ತಿರುಗಿ ನನ್ನನ್ನು ನೋಡಿ, “ಏಳು ಮಗಳೇ, ಅಂಗಡಿ ತೆಗೆಯೋ ಹೊತ್ತಾಯ್ತು” ಅಂದರು.

ಮಗಳೇ ಅಂದರು, ಪುಟ್ಟ.

ಎದ್ದೆ. ನಾಬ್ ಮುಚ್ಚಿದೆ. ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿಯಲ್ಲೇ ಅವರ ಹಿಂದೆ ನಡೆದೆ, ಬಾಗಿಲು ತೆರೆದೇ ಬಿಟ್ಟು. ಅಂಗಡಿ ಇದ್ದ ಜಾಗದಲ್ಲಿ ಈಗ ಕ್ಷೌರದಂಗಡಿ ಇದೆ, ಅವತ್ತು ರಜೆ. ಅಪ್ಪ ಶಟರಿನ ಬೀಗವನ್ನು ಕೈಯಲ್ಲಿ ತೂಗಿ ನೋಡಿ, “ಅಗ್ಗದ ಮಾಲು” ಎಂದು ಮುಖ ಸಿಂಡರಿಸಿದರು. ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಏನಾದರೂ ಮಾತಾಡಬೇಕೆಂದು ಕೇಳಿದೆ, “ಅಪ್ಪಾ, ಒಳಗೆ ಸಿಕ್ಕಿಹಾಕಿಕೊಂಡವರನ್ನ ಎಷ್ಟು ಜನರನ್ನ ಬಿಡಿಸಿದ್ದೀರಿ?”

“ಲೆಕ್ಕ ಯಾರು ಇಟ್ಟಿದ್ದಾರೆ? ಬಾತ್‌ರೂಮಲ್ಲಿ ಸಿಕ್ಕಿಕೊಂಡವರು, ಗೋಡೌನಲ್ಲಿ ಸಿಕ್ಕಿಕೊಂಡವರು. ಒಬ್ಬಳು ಸಂಜೆವರೆಗೆ ಒಳಗೇ ಕೂತಿದ್ಲು, ಉಸಿರೆತ್ತದೆ. ಮರ್ಯಾದೆ ಹೋಗುತ್ತಂತೆ!” ಎಂದು ನಕ್ಕರು. ಆಮೇಲೆ ನನಗೇ ಬೈಯುವ ಹಾಗೆ ಹೇಳಿದರು, “ಒಳಗಿದ್ದೋರು ಕೂಗಬೇಕಮ್ಮ. ಕೂಗದೇ ಇದ್ರೆ ಹೊರಗಿದ್ದೋರಿಗೆ ಹೇಗೆ ಗೊತ್ತಾಗ್ಬೇಕು?”

ಮಾರನೆಯ ಬೆಳಿಗ್ಗೆ ಬಾಟಲಿ ಹಿಡಿದು ಮಹಡಿಗೆ ಹೋದದ್ದು ಆ ಮಾತಿಗೇ. ಆದರೂ ಜೋರಾಗಿ ಕೂಗಲು ನಾಚಿಕೆಯಾಯಿತು. ಸಹಿಯ ಕೆಳಗೆ ಸಣ್ಣದಾಗಿ ಬರೆದೆ. ನಾನು ಮೂಸಲು ಕಲಿಸಿದ ತಮ್ಮ, ತಿಳಿದುಕೊಳ್ಳುತ್ತಾನೆ ಎಂದುಕೊಂಡೆ. ಅಲ್ಲಿಯವರೆಗೆ ದಿನವೂ ನಾನೇ ನಾಬ್ ನೋಡುತ್ತಿದ್ದೆ. ನರ್ಸಮ್ಮ ಕೆಳಗಿಳಿದು ಬಂದದ್ದು ನಾನು ಅಪ್ಪನಿಗೆ ಸ್ನಾನಕ್ಕೆ ನೀರು ತೋಡುತ್ತಿದ್ದ ಹೊತ್ತಿಗೆ, ಅಷ್ಟರಲ್ಲೇ ಅಪ್ಪ ಮತ್ತೆ ನಾಬ್ ತಿರುಗಿಸಿದ್ದರು.

ನೀನು ಬಂದೆ. ಓಡಾಡಿದೆ. ಒಲೆ ಬದಲಿಸಿದೆ, ಕಿರುಚುವ ಡಬ್ಬಿ ಹಾಕಿಸಿದೆ, ಹೊಸ ಬೀಗ ಜಡಿಸಿದೆ. ಕೆಲಸವೆಲ್ಲ ಅಚ್ಚುಕಟ್ಟು. ಎಲ್ಲ ಮುಗಿಸಿ ಹೊಸ ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟು ರೈಲು ಹತ್ತಿದೆ.

ಈಗ ಸಹಿಯ ಮೇಲೆಯೇ ಬರೆಯುತ್ತಿದ್ದೇನೆ, ದೊಡ್ಡದಾಗಿ. ಪುಟ್ಟ, ನನ್ನ ಕೈಲಾಗುತ್ತಿಲ್ಲ. ಬಂದು ಬಾಗಿಲು ತೆಗಿ.

ಅಕ್ಕ

*

ಡಿಸೆಂಬರ್ ೬

ಅಕ್ಕ,

ಶುಕ್ರವಾರ ಬರುತ್ತೇನೆ. ಪೆಟ್ಟಿಗೆಯಲ್ಲಿ ಬಟ್ಟೆಯೆಲ್ಲ ತುಂಬಿಕೊಂಡಿದ್ದೇನೆ. ಶೆಡ್ಡಿನ ಕೀ ಅಜ್ಜನ ಹತ್ತಿರ ಇದೆ, ಮೇಲಿನ ಕೋಣೆ ಗುಡಿಸಿಟ್ಟಿದ್ದೇನೆ. ನೀನು ಹೊರಡಲು ತಯಾರಾಗಿರು. ಅಪ್ಪನಿಗೆ ಏನೇನು, ಯಾವಾಗ ಯಾವಾಗ ಎಂದು ಬರೆದಿಡಬೇಡ. ಬಾಯಲ್ಲೇ ಹೇಳು. ಇಷ್ಟು ದಿನ ಕೇಳದೆ ಇದ್ದದ್ದನ್ನು ಕೂತು ಕೇಳುತ್ತೇನೆ.

ಅಲ್ಲಿಯವರೆಗೆ ಬಾಗಿಲು ತೆರೆದೇ ಇರಲಿ. ಅಪ್ಪ ಹೋದರೆ ಹೋಗಲಿ, ಹಿಂದೆ ನೀನೂ ಹೋಗು. ನರ್ಸಮ್ಮನಿಗೆ ಹೇಳಿದ್ದೇನೆ. ರಾತ್ರಿ ನಿಮ್ಮಲ್ಲೇ ಮಲಗುತ್ತಾರೆ.

ಪುಟ್ಟ

*

ಜನವರಿ ೧೯

ಪುಟ್ಟ,

ಇಲ್ಲಿಗೆ ಬಂದ ಮೊದಲ ವಾರ ಬರೀ ನಿದ್ದೆ ಮಾಡಿದೆ. ಅಜ್ಜ ಬಾಗಿಲು ತಟ್ಟಿ, “ಇದ್ದೀರಾ?” ಎಂದು ಕೇಳಿಹೋಗುತ್ತಿದ್ದ. ಎರಡನೆಯ ವಾರ ಯಾವ ಗಂಟೆ ಹೊಡೆದರೂ ಎದ್ದು ನಿಲ್ಲುತ್ತಿದ್ದೆ. ಸೈಕಲ್ಲಿನ ಗಂಟೆಗೂ. ಈಗ ಅಷ್ಟಿಲ್ಲ.

ನಿನ್ನ ಪೀಪಾಯಿ ಬಾಟಲಿಗಿಳಿಯಿತು. ಲೇಬಲ್ ಮೇಲೆ ನನ್ನ ಮೊದಲ ಪತ್ರದ ಸಾಲುಗಳನ್ನೇ ಹಾಕಿಸಿದೆ, ಬೆಂಕಿಕಡ್ಡಿಯ ಮುಂಚಿನವರೆಗೆ. ಕೆಳಗೆ ಆರಿಸಿದವನ ಹೆಸರೆಂದು ನಿನ್ನದು ಹಾಕಿಸಿದ್ದೇನೆ. ಕೊಳ್ಳಲು ಬಂದವರೊಬ್ಬರು, “ನಿಮ್ಮ ತಮ್ಮ ಎಲ್ಲಿ?” ಅಂದರು. ಒಳಗೆ ಒಂಥರಾ ಆಯಿತು. ಬಿಸಿಲಿನಲ್ಲಿ ಹೊರಗೆ ಕೂತು ಟೀ ಕುಡಿಯುವಾಗಲೂ ಹಾಗೇ ಆಗುತ್ತದೆ. ಖುಷಿಪಡುವುದಕ್ಕೂ ಅಭ್ಯಾಸ ಬೇಕು.

ಒಂದು ಬಾಟಲಿ ಕಳಿಸಿದ್ದೇನೆ. ಈ ಸಲ ಟಿಪ್ಪಣಿ ನೀನು ಬರೆ.

ಅಕ್ಕ

*

ಫೆಬ್ರವರಿ ೨

ಅಕ್ಕ,

ಬಾಟಲಿ ಬಂತು. ಅಕ್ಕಿಡಬ್ಬದಲ್ಲೇ ಇಟ್ಟಿದ್ದೆ, ಅಪ್ಪ ಅದನ್ನೂ ಪತ್ತೆ ಹಚ್ಚಿದರು. ಬಿರಡೆ ತೆಗೆದು ಮೂಸಿ, “ಮರಕ್ಕೆ ಹಚ್ಚೋ ಪಾಲಿಶು, ಒಳ್ಳೇದು” ಎಂದು ವಾಪಸು ಕೊಟ್ಟರು. ಲೇಬಲ್ ಮೇಲೆ ಇದನ್ನೂ ಹಾಕಿಸಬಹುದಿತ್ತು.

ಊಟದ ಮೇಜಿನ ಮುಂದೆ, ನೀನು ಕೂರುತ್ತಿದ್ದ ಕುರ್ಚಿಯಲ್ಲೇ ಕೂತು ಸುರಿದುಕೊಂಡೆ. ಮೂಸುವ ಮೊದಲು ಹೋಗಿ ನಾಬ್ ನೋಡಿ ಬಂದೆ. ಒಣದ್ರಾಕ್ಷಿ ಸಿಕ್ಕಿತು. ಎದ್ದು ಹೋಗಿ ನಾಬ್ ನೋಡಿ ಬಂದೆ. ಕಿತ್ತಳೆ ಸಿಕ್ಕಿತು. ಅಷ್ಟರಲ್ಲಿ ಗಂಟೆ ಅಲ್ಲಾಡಿತು, ಓಡಿದೆ. ಅಪ್ಪನನ್ನು ಕರೆತಂದು ಕೂರಿಸಿ ಬರುವಷ್ಟರಲ್ಲಿ ಅಕ್ರೋಟಿನ ವಾಸನೆಯನ್ನು ಹುಡುಕುವ ವ್ಯವಧಾನ ನನ್ನಲ್ಲಿ ಉಳಿದಿರಲಿಲ್ಲ. ನನ್ನ ಟಿಪ್ಪಣಿ ಅಷ್ಟೇ. ಹೀಗೆ ಕೂತೂ ನೀನು ಹೊಸ ಚರ್ಮದವರೆಗೆ ಹೇಗೆ ಹೋದೆಯೋ ನನಗೆ ತಿಳಿಯದು.

ಕಿಟಕಿಗಳ ಮೊಳೆ ಕಿತ್ತಿದ್ದೇನೆ. ಅಪ್ಪ ಇಳಿಯಲು ಹೋದರೆ ನಾನು ಹೊರಗಿನಿಂದ ಹಿಡಿದುಕೊಳ್ಳುತ್ತೇನೆ. ಈ ವಾರ ಎರಡು ಸಲ ಹಾಗೆ ಆಯಿತು. ನನ್ನನ್ನು “ಯಜಮಾನರೇ” ಅನ್ನುತ್ತಾರೆ, ಬಾಡಿಗೆ ಕೇಳಲು ಬಂದವನೆಂದುಕೊಂಡಿದ್ದಾರೆ. ನಿನ್ನೆ ಊಟ ಮಾಡುತ್ತಾ ತಲೆಯೆತ್ತಿ ಕೇಳಿದರು, “ಇಲ್ಲೊಬ್ಬಳು ಹುಡುಗಿ ಇದ್ಲಲ್ಲ, ಬೀಗ ಹಿಡ್ಕೊಂಡು ಕಾಯ್ತಿದ್ಲು. ಎಲ್ಲಿ?”

“ಹೊರಗೆ ಹೋದಳು ಅಪ್ಪಾ” ಅಂದೆ.

“ಬಾಗಿಲು ಯಾರು ತೆಗೆದುಕೊಟ್ರು?”

“ನೀವೇ.”

“ಒಳ್ಳೇದಾಯ್ತು” ಎಂದು ಮತ್ತೆ ಅನ್ನ ಕಲಸಿದರು.

ಈ ಪತ್ರ ಬರೆದು ಹರಿದು, ಬರೆದು ಹರಿದು, ಈಗ ಮತ್ತೆ ಬರೆಯುತ್ತಿದ್ದೇನೆ. ಪ್ರತಿ ಸಲವೂ ಸಹಿಯ ಕೆಳಗೆ “ಯಾವಾಗ ಬರ್ತೀಯ?” ಎಂಬ ಸಾಲು ತಾನಾಗಿ ಬಂದುಬಿಡುತ್ತಿತ್ತು. ಈ ಸಲ ಸಹಿ ಹಾಕಿದ ಕೂಡಲೇ ಲಕೋಟೆಗೆ ಹಾಕಿ ಅಂಟಿಸಿಬಿಡುತ್ತೇನೆ.

ಪುಟ್ಟ